ಮೊದಲು ನೀನೇ ಹೋಗು

ಮಗಾ, ನಿನ್ನ ತಮ್ಮ ಅಕ್ಕಿಹೆಬ್ಬಾಳಿಗೆ ವಾಪಸ್ ಬಂದಿದ್ದಾನೆ ಅಂತ ನಿನ್ನ ದೊಡ್ಡಮ್ಮ ಹೇಳಿದಳು. ಗೆಳೆಯನ ಮನೆಯಲ್ಲಿ ಇಳಿದುಕೊಂಡಿದ್ದಾನಂತೆ. ಭಾನುವಾರದ ಪೂಜೆಗೆ ಬಂದು ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂರುತ್ತಾನೆ, ಪರಮಪ್ರಸಾದಕ್ಕೆ ಏಳುವುದಿಲ್ಲ, ಗುರುಗಳು ಕಡೆಯ ಆಶೀರ್ವಾದ ಕೊಡುವ ಮುಂಚೆಯೇ ಚಪ್ಪಲಿ ಮೆಟ್ಟಿ ಹೊರಟುಹೋಗುತ್ತಾನೆ. ಮುಂದಿನ ಸಾಲಿನಲ್ಲಿ ಕೂತ ನೀನು ಒಂದು ಸಲವೂ ಹಿಂದಕ್ಕೆ ತಿರುಗಿ ನೋಡಿಲ್ಲವಂತೆ.

ಅವನು ಮಾಡಿದ್ದು ಸಣ್ಣ ತಪ್ಪಲ್ಲ ಅಂತ ನನಗೂ ಗೊತ್ತು. ಅಪ್ಪ ಹಾಸಿಗೆ ಹಿಡಿದಾಗ ಊರು ಬಿಟ್ಟ. ಅವ್ವನ ಒಡವೆ ಅಡವಿಟ್ಟ ಸಾಲವನ್ನು ನೀನು ಕಬ್ಬಿನ ದುಡ್ಡಿನಲ್ಲಿ ತೀರಿಸಿದೆ. ಅಪ್ಪನ ಮಣ್ಣಿಗೂ ಅವನು ಬರಲಿಲ್ಲ. ಅದನ್ನೆಲ್ಲ ಮರೆತು ನಾನು ಈ ಮಾತು ಹೇಳುತ್ತಿಲ್ಲ. ಮನೆಗೆ ದೊಡ್ಡವನಾಗಿ, ನಿನ್ನ ಮೇಲಿನ ಅಕ್ಕರೆಯಿಂದ ಹೇಳುತ್ತಿದ್ದೇನೆ.

ನೀನು ಒಳ್ಳೆಯ ಕ್ರೈಸ್ತ. ತಪಸ್ಸುಕಾಲದಲ್ಲಿ ಉಪವಾಸ ಬಿಡುವುದಿಲ್ಲ, ಅಕ್ಟೋಬರ್ ಪೂರ್ತಿ ಮನೆಮಂದಿಯನ್ನೆಲ್ಲ ಕೂರಿಸಿ ಜಪಸರ ಹೇಳಿಸುತ್ತೀಯ, ಹಬ್ಬದ ವಂತಿಗೆ ಮೊದಲು ಕೊಡುವವನೂ ನೀನೇ. ಇವೆಲ್ಲ ಬೇಕು. ಆದರೆ ಇವು ನಮಗೆ ಅಷ್ಟು ಕಷ್ಟ ಕೊಡುವುದಿಲ್ಲ, ನೋಡಿದವರು ಮೆಚ್ಚಿಕೊಳ್ಳುತ್ತಾರೆ ಕೂಡ. ತಪ್ಪು ಮಾಡಿದವನನ್ನು ಒಳಗೆ ಕರೆದುಕೊಳ್ಳುವುದು, ತಪ್ಪು ಅವನದಾದರೂ ಮೊದಲ ಹೆಜ್ಜೆ ನಾವೇ ಇಡುವುದು, ಕೊಟ್ಟಿದ್ದನ್ನು ಯಾರಿಗೂ ಹೇಳದೆ ಇರುವುದು, ಇಂಥವು ಬಂದಾಗ ಮಾತ್ರ ಎಂಥ ಭಕ್ತನಿಗೂ ಕಾಲು ಏಳುವುದಿಲ್ಲ. ಯೇಸುಸ್ವಾಮಿ ಹೆಚ್ಚು ಒತ್ತಿ ಹೇಳಿದ್ದು ಇವನ್ನೇ. ಕಾಣಿಕೆ ತಂದವನು ಅಣ್ಣತಮ್ಮಂದಿರ ಜೊತೆ ಮನಸ್ತಾಪ ಇರುವುದು ನೆನಪಾದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ರಾಜಿಯಾಗಬೇಕು ಎನ್ನುವ ಭಾಗ ಮತ್ತಾಯನ ಐದನೇ ಅಧ್ಯಾಯದಲ್ಲಿದೆ. ಯಾರ ತಪ್ಪು ಎಂದು ಅಲ್ಲಿ ವಿಚಾರಣೆ ನಡೆಸುವುದಿಲ್ಲ. ನೆನಪಾದವನು ಹೋಗಬೇಕು, ಅಷ್ಟೇ.

ಇದು ಓದಲು ಚೆಂದ, ಬದುಕಿನಲ್ಲಿ ಆಗುತ್ತದೆಯೇ ಅಂತ ನೀನು ಕೇಳಬಹುದು. ನಮ್ಮ ಜಿಲ್ಲೆಯಲ್ಲೇ ಆಗಿದೆ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅಬ್ಬೆ ದುಬ್ವಾ ಅವರ ಹೆಸರಿನ ಹಳೆಯ ಚರ್ಚ್ ಇದೆಯಲ್ಲ, ನಿಮಿಷಾಂಬ ದೇವಸ್ಥಾನದ ಕಡೆ ಹೋಗುವ ಎಷ್ಟೋ ಜನ ಅತ್ತ ತಿರುಗಿಯೂ ನೋಡುವುದಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕಥೋಲಿಕರನ್ನು ಹಿಡಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ತರಿಸಿದ. ದಾರಿಯಲ್ಲಿ ಸತ್ತವರು ಬಹಳ ಮಂದಿ. ಉಳಿದವರಲ್ಲಿ ಅನೇಕರನ್ನು ಬಲವಂತವಾಗಿ ಮತಾಂತರಿಸಿದರು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ, ಬದುಕುಳಿದವರು ಹೊರಗೆ ಬಂದರು. ಚದುರಿಹೋದ ಕ್ರೈಸ್ತರನ್ನು ಒಟ್ಟುಗೂಡಿಸಲು ಫ್ರಾನ್ಸಿನಿಂದ ಬಂದಿದ್ದ ಗುರು ದುಬ್ವಾ ಅವರನ್ನು ಕರೆಸಿದರು. ಆಗ ಅವರಿಗೆ ಮೂವತ್ತು ದಾಟಿ ಕೆಲವೇ ವರ್ಷ. ಇಲ್ಲಿಯವರಂತೆಯೇ ಉಟ್ಟು, ಮಾಂಸ ಬಿಟ್ಟು, ಜನರ ನಡುವೆ ಬಾಳಿದ ಅವರನ್ನು ಊರವರು ದೊಡ್ಡಸ್ವಾಮಿಯವರು ಎಂದು ಕರೆದರು. ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸಕ್ಕೂ ನಿಂತರು. ಹಾಸನದ ಹತ್ತಿರ ಸಾತಳ್ಳಿಯಲ್ಲಿ ಬೇಸಾಯಗಾರರ ನೆಲೆ ಕಟ್ಟಿಸಿದವರೂ ಅವರೇ.

ನಿನಗೆ ಮುಖ್ಯವಾದ ಸಂಗತಿ ಬೇರೆ ಇದೆ. ಸೆರೆಯಾಗಿದ್ದ ಆ ಜನ ಹೆದರಿ ಬಗ್ಗಿದ್ದು ದುಬ್ವಾ ಅವರ ಮನಸ್ಸಿಗೆ ಬಹಳ ಚುಚ್ಚಿತ್ತು. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಎದ್ದು ನಿಂತು ತನ್ನ ವಿಶ್ವಾಸವನ್ನು ಹೇಳಿಕೊಳ್ಳಲಿಲ್ಲವಲ್ಲ ಎಂದು ಅವರು 1823ರಲ್ಲಿ ಅಚ್ಚಾದ ಪತ್ರಗಳಲ್ಲಿ ಬರೆದಿದ್ದಾರೆ. ಇನ್ನೊಮ್ಮೆ ಅಂಥ ಕಾಲ ಬಂದರೆ ಮತ್ತೆ ಹೀಗೇ ಆದೀತು ಎಂಬ ಅನುಮಾನವನ್ನೂ ಮುಚ್ಚಿಡಲಿಲ್ಲ. ಅಂದರೆ ಅವರಿಗೆ ಕೋಪವಿತ್ತು, ಆ ಜನರ ಮೇಲೆ ನಂಬಿಕೆಯೂ ಪೂರ್ತಿ ಕೂಡಿರಲಿಲ್ಲ. ಆದರೂ, ಮನಸ್ಸಿನೊಳಗೆ ಯೇಸುವನ್ನು ಬಿಟ್ಟಿರಲಿಲ್ಲ ಎಂದು ಹೇಳಿಕೊಂಡು ಬಂದವರನ್ನು ಮತ್ತೆ ಸಭೆಯೊಳಗೆ ಸೇರಿಸಿಕೊಂಡರು. ತಮ್ಮ ಬಳಿಗೆ ಬಂದವರು ಸುಮಾರು 2,000 ಮಂದಿ ಎಂದು ಅವರೇ ಲೆಕ್ಕ ಕೊಟ್ಟಿದ್ದಾರೆ. ಉಳಿದ ಎಷ್ಟೋ ಸಾವಿರ ಜನ ಮಂಗಳೂರಿನ ಕಡೆಗೆ ಮರಳಿ ಹೋಗಿ ತಮ್ಮ ಚರ್ಚುಗಳನ್ನು ಮತ್ತೆ ಎಬ್ಬಿಸಿದರು. ಆ ಪತ್ರಗಳಲ್ಲಿ ಈ ದೇಶದ ಕ್ರೈಸ್ತರ ಬಗ್ಗೆ ಅವರು ಆಡಿದ ನಿರಾಶೆಯ ಮಾತುಗಳನ್ನೆಲ್ಲ ನಾನು ಒಪ್ಪುವುದಿಲ್ಲ. ಆದರೆ ನಿರಾಶೆ ಇಟ್ಟುಕೊಂಡೇ ಬಾಗಿಲು ತೆಗೆದರಲ್ಲ, ಅದಕ್ಕೆ ಕೈ ಮುಗಿಯುತ್ತೇನೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಚರಿತ್ರೆಯನ್ನು ಇವತ್ತಿನ ಮುಸ್ಲಿಂ ನೆರೆಯವರ ಮೇಲೆ ಹಗೆ ಕಟ್ಟಲು ಬಳಸುವವರು ಇದ್ದಾರೆ. ನೀನು ಆ ದಾರಿ ತುಳಿಯಬೇಡ. ಇನ್ನೂರು ವರ್ಷದ ಹಿಂದಿನ ಅರಸನ ಸಾಲವನ್ನು ನಿನ್ನ ಜೊತೆ ಕೆ.ಆರ್. ಪೇಟೆ ಸಂತೆಗೆ ಬರುವವನ ಹತ್ತಿರ ವಸೂಲಿ ಮಾಡುವುದು ಯಾವ ನ್ಯಾಯ?

ಮರಳಿ ಬಂದವರನ್ನು ಸೇರಿಸಿಕೊಳ್ಳಬೇಕೇ ಬೇಡವೇ ಎಂಬ ಜಗಳ ಸಭೆಯಷ್ಟೇ ಹಳೆಯದು. ಕ್ರಿ.ಶ. 250ರಲ್ಲಿ ರೋಮ್ ಚಕ್ರವರ್ತಿ ಡೇಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕು ಎಂದು ಕಟ್ಟಪ್ಪಣೆ ಮಾಡಿದಾಗ ಬಹಳ ಕ್ರೈಸ್ತರು ಹೆದರಿ ಬಗ್ಗಿದರು. ಹಿಂಸೆ ತಗ್ಗಿದ ಮೇಲೆ ಅಂಥವರಿಗೆ ಬಾಗಿಲು ಮುಚ್ಚಿದ್ದೇ ಎಂದು ನೊವೇಷಿಯನ್ ಎಂಬ ಗುರು ಹಟ ಹಿಡಿದು ಬೇರೆಯೇ ಪಂಥ ಮಾಡಿಕೊಂಡ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಪ್ರಾಯಶ್ಚಿತ್ತ ಮಾಡಿದವರಿಗೆ ಬಾಗಿಲು ತೆಗೆಯಬೇಕು ಎಂದರು. ಸಭೆ ಸಿಪ್ರಿಯನ್ ದಾರಿ ಹಿಡಿಯಿತು. ಮೂರು ಸಲ ಯೇಸುವನ್ನು ಗೊತ್ತೇ ಇಲ್ಲ ಎಂದ ಪೇತ್ರನ ಕೈಗೇ ಕುರಿಮಂದೆ ಒಪ್ಪಿಸಿದ ಸಭೆ ಇದು. ಬೇರೆ ದಾರಿ ಹಿಡಿಯುವುದಕ್ಕೆ ಹೇಗೆ ಆದೀತು?

ಕ್ಷಮಿಸುವುದು ಎಂದರೆ ಏನೂ ಆಗಿಲ್ಲ ಎನ್ನುವುದು ಅಂತ ನೀನು ತಿಳಿದಿರಬಹುದು, ಅದಕ್ಕೇ ನಿನಗೆ ಇದು ಸುಳ್ಳಾಟ ಅನ್ನಿಸುತ್ತದೆ. ಆದದ್ದು ಆಗಿದೆ. ನಿನ್ನ ತಮ್ಮನ ಕೈಗೆ ನಾಳೆಯೇ ಮನೆಯ ಹಣಕಾಸು ಕೊಡು ಎಂದು ನಾನು ಹೇಳುವುದಿಲ್ಲ. ಸಾಲದ ಲೆಕ್ಕವನ್ನು ಒಂದು ದಿನ ಇಬ್ಬರೂ ಕೂತು ಬರೆದುಕೊಳ್ಳಬಹುದು, ಜಮೀನಿನ ಪಹಣಿಯ ವಿಚಾರವನ್ನೂ ಗೊತ್ತಿರುವವರ ಎದುರು ನೇರ ಮಾಡಿಕೊಳ್ಳಬಹುದು. ಅದಕ್ಕೆಲ್ಲ ಕಾಲ ಬೇಕು, ತಗೋ. ಆದರೆ ಒಂದು ತಟ್ಟೆ ಊಟಕ್ಕೆ, ಅವ್ವನ ಮುಖ ನೋಡುವುದಕ್ಕೆ, ಅಪ್ಪನ ಸಮಾಧಿಗೆ ಹೂವು ಹಾಕುವುದಕ್ಕೆ ಲೆಕ್ಕ ತೀರುವವರೆಗೆ ಕಾಯಿಸಬೇಡ. ಬೇಡಿಕೊಂಡು ಬರಲಿ, ಹತ್ತು ಜನರ ಮುಂದೆ ತಪ್ಪೊಪ್ಪಿಕೊಳ್ಳಲಿ ಎಂದು ನೀನು ಕೂತಿದ್ದರೆ, ಅದು ಅವನ ಸುಧಾರಣೆಗಲ್ಲ, ನಿನ್ನ ಮರ್ಯಾದೆಗೆ. ಲೂಕನ ಹದಿನೈದನೇ ಅಧ್ಯಾಯದಲ್ಲಿ ಹಬ್ಬದ ಮನೆಯ ಹೊರಗೇ ನಿಂತ ಅಣ್ಣನೂ ಹೊಲದಲ್ಲಿ ದುಡಿದು ಬಂದವನೇ. ಅವನ ದೂರಿನಲ್ಲಿ ಸುಳ್ಳಿರಲಿಲ್ಲ. ಆದರೂ ಅಪ್ಪ ಅವನನ್ನೂ ಬೇಡಿಕೊಳ್ಳಬೇಕಾಯಿತು. ನಿನ್ನ ಹೆಂಡತಿ, ನಿನ್ನ ಅವ್ವ ನಿನ್ನ ಮುಂದೆ ಆ ಸ್ಥಿತಿಗೆ ಬರುವುದು ಬೇಡ.

ಹೋಗುವಾಗ ಒಬ್ಬನೇ ಹೋಗು. ಗುರುಗಳನ್ನೋ ಊರ ಹಿರಿಯರನ್ನೋ ಕರೆದುಕೊಂಡು ಹೋದರೆ ಅದು ಪಂಚಾಯ್ತಿ ಆಗುತ್ತದೆ. ಹಳೇ ಮಾತು ತೆಗೆಯಬೇಡ, ಊಟಕ್ಕೆ ಬಾ ಅನ್ನು. ಅವನು ತಲೆ ತಗ್ಗಿಸಿದರೆ ನೀನು ತಲೆ ಎತ್ತಿ ನಿಲ್ಲಬೇಡ, ಪಕ್ಕದಲ್ಲಿ ಕೂತುಕೋ. ಅವನು ಬರುವುದಿಲ್ಲ ಎಂದರೂ ಬೇಸರಪಟ್ಟುಕೊಳ್ಳದೆ ಇನ್ನೊಂದು ದಿನ ಹೋಗು. ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕೇ ಎಂದು ಪೇತ್ರನೇ ಕೇಳಿದ್ದ, ಅವನಿಗೆ ಸಿಕ್ಕಿದ ಉತ್ತರ ನಿನಗೆ ಗೊತ್ತು. ಇದನ್ನು ಮಾಡಿದ ಮೇಲೆ ಚರ್ಚಿನ ಅಂಗಳದಲ್ಲಿ ಯಾರ ಹತ್ತಿರವೂ ಹೇಳಿಕೊಳ್ಳಬೇಡ. ಅಣ್ಣ ದೊಡ್ಡ ಮನಸ್ಸು ಮಾಡಿದ ಎಂಬ ಮಾತು ತಮ್ಮನ ಕಿವಿಗೆ ಬಿದ್ದರೆ ಅವನು ಮತ್ತೆ ಬಾಗಿಲ ಪಕ್ಕದ ಬೆಂಚಿಗೇ ಹೋಗುತ್ತಾನೆ.

ಶನಿವಾರ ಸಂಜೆ ಗದ್ದೆಯಿಂದ ಬಂದು ಕೈಕಾಲು ತೊಳೆದವನೇ ಅವನಿರುವ ಮನೆಗೆ ಹೋಗು ಮಗಾ. ಪರಮಪ್ರಸಾದಕ್ಕೆ ಏಳುವ ಮುಂಚೆ ಈ ಕೆಲಸ ಮುಗಿದಿರಲಿ.