ಹಾಳೆ ಹೇಳಿತು, ಮೊಣಕಾಲು ಒಪ್ಪಬೇಕಲ್ಲ!



ಬೆಳಿಗ್ಗೆ ಎದ್ದರೆ ಕಸ ಗುಡಿಸಬೇಕು. ನೀರು ಹಿಡಿಯಬೇಕು. ಅಡುಗೆ ಆಗಬೇಕು. ಆಮೇಲೆ ಹೊಲಕ್ಕೋ ಗಾರ್ಮೆಂಟ್ಸಿಗೋ ಹೋಗಬೇಕು. ಸಂಜೆ ಬಂದರೆ ಮತ್ತೆ ಪಾತ್ರೆ ಕಾಯುತ್ತಿರುತ್ತೆ. ಇಷ್ಟು ದುಡಿಯುವ ನಮಗೆ ವ್ಯಾಯಾಮ ಬೇರೆ ಯಾಕೆ?

ಈ ಪ್ರಶ್ನೆ ನಮ್ಮ ಕಲಿಕಾ ಕೇಂದ್ರದಲ್ಲಿ ಬಂತು. ಸರಿಯಾದ ಪ್ರಶ್ನೆಯೇ. ನಡೆಯುವುದು, ನೀರು ಹೊರುವುದು, ಅಗೆಯುವುದು ಎಲ್ಲವೂ ಮೈಗೆ ಕೆಲಸವೇ. ಅದು ಲೆಕ್ಕಕ್ಕೆ ಬರುತ್ತೆ. ಆದರೆ ದುಡಿಮೆಯಲ್ಲಿ ಮೈಯ ಒಂದೇ ಭಾಗ ದಿನವೆಲ್ಲ ದುಡಿಯುತ್ತೆ. ಮೆಷಿನ್ ಮುಂದೆ ಕೂತವರಿಗೆ ಕತ್ತು, ಬೆನ್ನು. ನಾಟಿ ಹಾಕುವವರಿಗೆ ಸೊಂಟ. ಉಳಿದ ಭಾಗ ಸುಮ್ಮನೆ ಇರುತ್ತೆ, ಬಲ ಕಳೆದುಕೊಳ್ಳುತ್ತೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆಯೂ ಬೇಗ ಸವೆಯುತ್ತೆ. ಮೈಗೆ ಬಲ ಕೊಡುವ ವ್ಯಾಯಾಮ ಮೂಳೆಗೂ ಒಳ್ಳೆಯದು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಒಂದು ಲೆಕ್ಕ ಹೇಳಿದೆ. ದೊಡ್ಡವರು ವಾರಕ್ಕೆ ಕಡಿಮೆ ಎಂದರೂ 150 ನಿಮಿಷ ಮೈ ಬಿಸಿಯಾಗುವಂತೆ ಓಡಾಡಬೇಕು. ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ. ಗುಣಿಸಿ ನೋಡಿ. ಎಷ್ಟು ಬಿರುಸಾಗಿ ನಡೆಯಬೇಕು? ನಡೆಯುತ್ತಾ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಅಷ್ಟು ಸಾಕು. ಇದರ ಜೊತೆಗೆ ವಾರದಲ್ಲಿ 2 ದಿನ ಕೈ, ಕಾಲು, ಬೆನ್ನಿಗೆ ಬಲ ಬರುವ ವ್ಯಾಯಾಮ ಬೇಕು.

ಆ ಬಲದ ವ್ಯಾಯಾಮ ಕಲಿಸುವವರು ಯಾರು? ಹಿಂದೆ ಊರೂರಲ್ಲಿ ಗರಡಿ ಮನೆ ಇತ್ತು. ಅದು ಗಂಡಸರ ಜಾಗ. ಉಸ್ತಾದ್ ಪಕ್ಕದಲ್ಲಿ ನಿಂತು ಹುಡುಗರ ಬೆನ್ನು ನೋಡುತ್ತಿದ್ದರು. ಬೆನ್ನು ಬಾಗಿದರೆ ಒಂದು ಏಟು ಬೀಳುತ್ತಿತ್ತು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಎಂಬುವರು ಹರ್ಕ್ಯುಲಿಸ್ ಜಿಮ್ನಾಷಿಯಂ ನಡೆಸುತ್ತಿದ್ದರು. ದೂರದ ಊರಿನವರಿಗೆ ಅಂಚೆಯಲ್ಲಿ ವ್ಯಾಯಾಮದ ಪಾಠ ಕಳಿಸುತ್ತಿದ್ದರು. ('ಶಾಂತಲಾ' ಕಾದಂಬರಿ ಬರೆದವರೂ ಇವರೇ.) ಹಾಗಾಗಿ ವ್ಯಾಯಾಮ ಹಾಳೆಯ ಮೇಲೆ ಬರುವುದು ಹೊಸದೇನಲ್ಲ.

ಈಗ ತಾಲ್ಲೂಕು ಊರುಗಳಲ್ಲೂ ಜಿಮ್ ಬಂದಿದೆ. ಕೆಲವು ಕಡೆ ಹೆಂಗಸರಿಗೇ ಬೇರೆ ಹೊತ್ತು ಇಡುತ್ತಾರೆ. ಕಲಿಸುವವರಿಗೆ ಟ್ರೇನರ್ ಅಂತಾರೆ. ನಮ್ಮ ಕೇಂದ್ರದ ಐದಾರು ಜನ ಅಕ್ಕಂದಿರು ಒಬ್ಬ ಟ್ರೇನರ್ ಮೇಡಂ ಹತ್ತಿರ ಹೋಗುತ್ತಾರೆ. ಮೇಡಂ ಚಿಕ್ಕ ವಯಸ್ಸಿನವರು. ಇವರನ್ನೆಲ್ಲ ಅಕ್ಕ ಅಂತಲೇ ಕರೆಯುತ್ತಾರೆ. ಸೇರಿದ ಮೊದಲ ವಾರವೇ ಎಲ್ಲರ ಕೈಗೂ ಒಂದೊಂದು ಹಾಳೆ ಬಂತು. ಅದನ್ನು ಬರೆದದ್ದು ಮೇಡಂ ಅಲ್ಲ, ಎಐ.

ಎಐ ಅಂದರೆ ಏನು? ಕನ್ನಡದಲ್ಲಿ ಕೃತಕ ಬುದ್ಧಿಮತ್ತೆ ಅಂತಾರೆ. ದೊಡ್ಡ ಪದ. ನಿಧಾನವಾಗಿ ಓದಿ. ಕೃತಕ ಅಂದರೆ ಮನುಷ್ಯರು ಮಾಡಿದ್ದು, ತಾನಾಗಿ ಹುಟ್ಟಿದ್ದಲ್ಲ. 2022ರ ನವೆಂಬರಿನಲ್ಲಿ ಅಮೆರಿಕದ ಓಪನ್‌ಎಐ ಕಂಪನಿ ಚಾಟ್‌ಜಿಪಿಟಿ ಎಂಬುದನ್ನು ಜನರ ಕೈಗೆ ಕೊಟ್ಟಿತು. ಆಮೇಲೆ ಇಂಥವು ಇನ್ನೂ ಬಂದವು. ಫೋನಿನಲ್ಲಿ ಪ್ರಶ್ನೆ ಬರೆದರೆ ಉತ್ತರ ಬರೆದು ಕೊಡುತ್ತೆ. ಲೆಕ್ಕವಿಲ್ಲದಷ್ಟು ಬರಹವನ್ನು ಅದಕ್ಕೆ ತುಂಬಿಸಿದ್ದಾರೆ. ಯಾವ ಮಾತಿನ ಹಿಂದೆ ಯಾವ ಮಾತು ಬರುತ್ತೆ ಎಂದು ಅದರಿಂದ ಕಲಿತಿದೆ. ಹೇಳಿಕೊಟ್ಟಷ್ಟೇ ಹೇಳುವ ಗಿಣಿ ಅಲ್ಲ, ಹೊಸ ವಾಕ್ಯ ಕಟ್ಟುತ್ತೆ. ಬಹಳ ಸಲ ಸರಿಯಾಗೇ ಹೇಳುತ್ತೆ. ತಪ್ಪು ಹೇಳುವಾಗಲೂ ಅಷ್ಟೇ ಧೈರ್ಯವಾಗಿ ಹೇಳುತ್ತೆ. ಅದೇ ತೊಂದರೆ.

ಮೇಡಂ ಫೋನಿನಲ್ಲಿ ಹೀಗೆ ಬರೆದಿದ್ದರು: 48 ವರ್ಷದ ಹೆಂಗಸು, ತೂಕ 72 ಕೆ.ಜಿ., ತೂಕ ಇಳಿಯಬೇಕು, ವಾರಕ್ಕೆ 3 ದಿನ. ಒಂದು ನಿಮಿಷದೊಳಗೆ 4 ವಾರದ ಹಾಳೆ ಬಂತು. ಮೊದಲಾದರೆ ಒಬ್ಬೊಬ್ಬರಿಗೂ ಕೂತು ಬರೆಯುವಷ್ಟರಲ್ಲಿ ರಾತ್ರಿ ಆಗುತ್ತಿತ್ತಂತೆ. ಸೋಮವಾರದ ಭಾಗ ಇಲ್ಲಿದೆ. ಬೆರಳಿಟ್ಟು ಓದಿ.

ನಿಂತಲ್ಲೇ ನಡಿಗೆ – 5 ನಿಮಿಷ
ಸ್ಕ್ವಾಟ್ – 3 ಸೆಟ್, 12 ಸಲ
ಗೋಡೆ ಪುಶ್‌ಅಪ್ – 3 ಸೆಟ್, 10 ಸಲ
ಜಂಪಿಂಗ್ ಜಾಕ್ – 3 ಸೆಟ್, 20 ಸಲ
ಪ್ಲ್ಯಾಂಕ್ – 3 ಸೆಟ್, 30 ಸೆಕೆಂಡು
ಸೆಟ್ ನಡುವೆ ವಿಶ್ರಾಂತಿ – 60 ಸೆಕೆಂಡು

ಸೆಟ್ ಅಂದರೆ ಒಂದು ಸುತ್ತು. 12 ಸಲ ಮಾಡಿ ನಿಂತರೆ ಒಂದು ಸೆಟ್. 3 ಸೆಟ್ ಅಂದರೆ ಒಟ್ಟು 36 ಸಲ. ಸ್ಕ್ವಾಟ್ ಅಂದರೆ ಅರ್ಧ ಕೂತು ಏಳುವುದು, ಬಸ್ಕಿಯ ಹಾಗೆ. ಗೋಡೆ ಪುಶ್‌ಅಪ್ ಅಂದರೆ ಗೋಡೆಗೆ ಕೈ ಊರಿ, ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದಕ್ಕೆ ಹೋಗುವುದು. ಜಂಪಿಂಗ್ ಜಾಕ್ ಅಂದರೆ ಕೈಕಾಲು ಅಗಲಿಸಿ ಹಾರುವುದು. ಪ್ಲ್ಯಾಂಕ್ ಅಂದರೆ ಬೋರಲಾಗಿ, ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈ ಎತ್ತಿ ಹಲಗೆಯಂತೆ ಹಿಡಿಯುವುದು.

ಹಾಳೆ ನೋಡೋಕೆ ಚೆಂದವಾಗಿದೆ. ಇದರಲ್ಲಿ ಏನು ತಪ್ಪಿದೆ?

ಈ ಹಾಳೆ ನಮ್ಮ ಇಡ್ಲಿ ಅಂಗಡಿ ಅಕ್ಕನದು. ಅವರೇ "ಬರೀರಿ, ಹೆಸರು ಮಾತ್ರ ಹಾಕಬೇಡಿ" ಅಂದಿದ್ದಾರೆ. ಅವರು ಓದು ಕಲಿತು ಒಂದು ವರ್ಷ ಆಗಿಲ್ಲ. ಬೇರೆಯವರಾದರೆ ಹಾಳೆ ಮಡಚಿ ಚೀಲಕ್ಕೆ ಹಾಕುತ್ತಿದ್ದರು. ಇವರು ನಿಂತಲ್ಲೇ ಓದಿದರು. ನಾಲ್ಕನೇ ಸಾಲಿಗೆ ಬೆರಳು ನಿಂತಿತು.

"ಮೇಡಂ, ಜಂಪು ಅಂದ್ರೆ ಹಾರೋದು ತಾನೇ?"

"ಹೌದಕ್ಕ."

"ಇದೊಂದು ಬೇಡ."

"ಯಾಕಕ್ಕ? ಭಯಾನಾ?"

ಅಕ್ಕ ಮಾತಾಡಲಿಲ್ಲ. ಮೇಡಂ ಎಲ್ಲರ ಮುಂದೆ ಮತ್ತೆ ಕೇಳಲಿಲ್ಲ. ಆಮೇಲೆ ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಆಗ ಅಕ್ಕ ಹೇಳಿದರು: ಮೂರನೇ ಹೆರಿಗೆ ಆದಾಗಿನಿಂದ ಕೆಮ್ಮಿದರೆ, ಸೀನಿದರೆ, ಭಾರ ಎತ್ತಿದರೆ ಒಂದೆರಡು ಹನಿ ಮೂತ್ರ ಹೋಗುತ್ತೆ. ಹಾರಿದರೆ ಸೀರೆ ಒದ್ದೆಯಾಗುತ್ತೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಎಷ್ಟು ವರ್ಷದಿಂದ? ಹದಿನೆಂಟು ವರ್ಷದಿಂದ.

ಯೋಚನೆ ಮಾಡಿ. ಓದು ಬರದೇ ಇದ್ದಿದ್ದರೆ ಏನಾಗುತ್ತಿತ್ತು? ಸೋಮವಾರ ಹೋಗುತ್ತಿದ್ದರು. ಹಾರು ಅಂದಾಗ ನಾಚಿಕೆಯಾಗುತ್ತಿತ್ತು. ಮಂಗಳವಾರದಿಂದ ಜಿಮ್ ಕಡೆ ತಲೆ ಹಾಕುತ್ತಿರಲಿಲ್ಲ. ಹದಿನೆಂಟು ವರ್ಷದ ಗುಟ್ಟು ಗುಟ್ಟಾಗೇ ಉಳಿಯುತ್ತಿತ್ತು.

ಇದು ಅಕ್ಕನೊಬ್ಬರ ತೊಂದರೆ ಅಲ್ಲ. ಹೆರಿಗೆಯಾದ ಬಹಳ ಹೆಂಗಸರಿಗೆ ಇರುತ್ತೆ. ಹೆರಿಗೆಯಲ್ಲಿ ಕೆಳಹೊಟ್ಟೆಯ ತಳದ ಮಾಂಸಖಂಡ ಸಡಿಲವಾಗುತ್ತೆ. ಮೂತ್ರದ ಚೀಲಕ್ಕೆ ಆಸರೆ ಕೊಡುವುದು ಅದೇ. ಇದಕ್ಕೂ ವ್ಯಾಯಾಮ ಇದೆ. ಮೂತ್ರ ತಡೆದುಕೊಳ್ಳುವಾಗ ಬಿಗಿ ಹಿಡಿಯುತ್ತೇವಲ್ಲ, ಆ ಭಾಗವನ್ನು ಬಿಗಿ ಹಿಡಿಯಿರಿ. 5 ಎಣಿಸಿ. ಬಿಡಿ. ಮತ್ತೆ 5 ಎಣಿಸಿ. ಹೀಗೆ 8–10 ಸಲ. ದಿನಕ್ಕೆ 3 ಹೊತ್ತು. ಉಸಿರು ಹಿಡಿಯಬಾರದು. ಮೂತ್ರ ಮಾಡುವಾಗ ಇದನ್ನು ಮಾಡಬಾರದು. ಕೂತು, ಮಲಗಿ, ಬಸ್ಸಿನಲ್ಲೂ ಮಾಡಬಹುದು, ಪಕ್ಕದವರಿಗೆ ಗೊತ್ತೇ ಆಗಲ್ಲ! ಗುಣ ಕಾಣೋಕೆ 3 ತಿಂಗಳಾದರೂ ಬಿಡದೆ ಮಾಡಬೇಕು. ಮೇಡಂ ಇದನ್ನು ಕಲಿಸಿದರು. ಜೊತೆಗೆ ಸರ್ಕಾರಿ ಆಸ್ಪತ್ರೆಯ ಲೇಡಿ ಡಾಕ್ಟರಿಗೆ ಒಮ್ಮೆ ತೋರಿಸಿ ಅಂದರು. ಉರಿ ಇದ್ದರೆ, ರಕ್ತ ಕಂಡರೆ, ಕೆಳಗೆ ಏನೋ ಜಾರಿ ಬಂದಂತೆ ಅನಿಸಿದರೆ ಡಾಕ್ಟರಿಗೆ ತೋರಿಸಲೇಬೇಕು.

ಆಮೇಲೆ ಮೇಡಂ ಕೆಂಪು ಪೆನ್ನು ತೆಗೆದರು. ಜಂಪಿಂಗ್ ಜಾಕ್ ಹೊಡೆದು ಹಾಕಿ, ಪಕ್ಕಕ್ಕೆ ಹೆಜ್ಜೆ ಇಡುವುದು ಅಂತ ಬರೆದರು. ನಂತರ "ಅಕ್ಕ, ಒಂದ್ಸಲ ಸ್ಕ್ವಾಟ್ ಮಾಡಿ ನೋಡೋಣ" ಅಂದರು. ಅಕ್ಕ ಮಾಡಿದರು. ಎಡ ಮೊಣಕಾಲು ಒಳಕ್ಕೆ ವಾಲಿತು. ಏಳುವಾಗ ಕೈ ತಾನಾಗಿ ತೊಡೆಯ ಮೇಲೆ ಹೋಯಿತು. ಇದನ್ನು ಅಕ್ಕ ಹೇಳಿರಲಿಲ್ಲ. ಅವರಿಗೇ ಗೊತ್ತಿರಲಿಲ್ಲ. ನೋಡುವ ಕಣ್ಣಿಗೆ ಗೊತ್ತಾಯಿತು. ಸ್ಕ್ವಾಟ್ ಹೋಗಿ ಕುರ್ಚಿ ಬಂತು. ಕುರ್ಚಿಯಲ್ಲಿ ಕೂತು ಏಳುವುದು, 8 ಸಲ, 2 ಸೆಟ್. ಬಿ.ಪಿ. ಮಾತ್ರೆ ನುಂಗುತ್ತೀರಾ ಅಂತ ಕೇಳಿದರು. ಹೌದು ಅಂದರು. ಬಿ.ಪಿ. ಇದ್ದವರು ಉಸಿರು ಹಿಡಿದು ಬಿಗಿ ಮಾಡಬಾರದು. ಆಗ ಬಿ.ಪಿ. ಥಟ್ಟನೆ ಏರುತ್ತೆ. ಅದಕ್ಕೆ ಪ್ಲ್ಯಾಂಕ್ ಸದ್ಯಕ್ಕೆ ಬಿಡಿಸಿ, ಉಳಿದದ್ದನ್ನೆಲ್ಲ ಬಾಯಿಬಿಟ್ಟು ಎಣಿಸುತ್ತಾ ಮಾಡಿ ಅಂದರು. ಜೋರಾಗಿ ಎಣಿಸಿದರೆ ಉಸಿರು ಹಿಡಿಯೋಕೆ ಆಗಲ್ಲ ನೋಡಿ.

ಇದನ್ನೆಲ್ಲ ಮೇಡಂ ಮತ್ತೆ ಫೋನಿನಲ್ಲಿ ಬರೆದರು. ಎಐ ಎರಡನೇ ಹಾಳೆ ಕೊಟ್ಟಿತು. ಅದರಲ್ಲಿ ಕುರ್ಚಿ ಇತ್ತು, ಜಂಪ್ ಇರಲಿಲ್ಲ. ಹೇಳಿದರೆ ಅದು ಕೇಳುತ್ತೆ. ಆದರೆ ಸೋಮವಾರ ಹಾಗೇ ಇತ್ತು. ಸೋಮವಾರ ನಮ್ಮೂರ ಸಂತೆ. ಅಕ್ಕ ಬೆಳಗಿನ ಜಾವ ಮೂರಕ್ಕೆ ಎದ್ದು ಹಿಟ್ಟು ಹೊಯ್ಯುತ್ತಾರೆ. ಮಧ್ಯಾಹ್ನದವರೆಗೆ ನಿಂತೇ ಇರುತ್ತಾರೆ. ಮೇಡಂ ಅದೇ ಅಂಗಡಿಯಲ್ಲಿ ಇಡ್ಲಿ ತಿಂದವರು! ಸೋಮವಾರ ತೆಗೆದು ಬುಧವಾರ ಮಾಡಿದರು.

ಎಐ ಬಳಸುವುದು ತಪ್ಪು ಅಂತ ನಾವು ಹೇಳುವುದಿಲ್ಲ. ಮೇಷ್ಟ್ರುಗಳಾದ ನಮಗೂ ಮೇಲಿನಿಂದ ಪಾಠದ ಪಟ್ಟಿ ಬರುತ್ತೆ. ತರಗತಿಯಲ್ಲಿ ಮಕ್ಕಳ ಮುಖ ನೋಡಿ ಬದಲಾಯಿಸಿಕೊಳ್ಳುತ್ತೇವೆ. ಬರೆಯುವ ಹೊತ್ತು ಉಳಿದರೆ, ಆ ಹೊತ್ತನ್ನು ನಮ್ಮನ್ನು ನೋಡೋಕೆ, ಕೇಳೋಕೆ ಕೊಡಲಿ. ಕೆಲವರು ಹಾಗೆ ಮಾಡುವುದಿಲ್ಲ. ವಾಟ್ಸಪ್ಪಿನಲ್ಲಿ ಹಾಳೆ ಕಳಿಸುತ್ತಾರೆ, ಫೀಸು ತೆಗೆದುಕೊಳ್ಳುತ್ತಾರೆ, ಮುಗೀತು. ಅಂಥ ಹಾಳೆ ನಿಮ್ಮ ಮಗಳ ಫೋನಿನಲ್ಲಿ ದುಡ್ಡಿಲ್ಲದೆ ಸಿಗುತ್ತೆ. ನಾವು ಫೀಸು ಕೊಡುವುದು ಆ ಕಣ್ಣಿಗೆ.

ನಮ್ಮದೂ ಒಂದು ಕೆಲಸ ಇದೆ. ಕೇಳದಿದ್ದರೂ ಹೇಳಬೇಕು. ಯಾವ ಮಾತ್ರೆ ನುಂಗುತ್ತೀರಿ, ಯಾವ ಆಪರೇಷನ್ ಆಗಿದೆ, ಎಲ್ಲಿ ನೋವಿದೆ, ಹೆರಿಗೆ ಎಷ್ಟು, ಈಗ ಬಸುರಿಯಾ. ಗಂಡಸು ಟ್ರೇನರ್ ಆದರೆ ಕೆಲವು ಮಾತು ಹೇಳೋಕೆ ಆಗಲ್ಲ. ಆಗ "ಇದು ನನಗೆ ಬೇಡ, ಬೇರೆ ಕೊಡಿ" ಅಂದರೂ ಸಾಕು. ಕಾರಣ ಹೇಳಲೇಬೇಕು ಅಂತಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಬೇಡಿ. ಸಕ್ಕರೆ ಇಳಿದು ತಲೆ ಸುತ್ತಬಹುದು. ಸೆರಗಿನಲ್ಲಿ ಸಕ್ಕರೆಯೋ ಬೆಲ್ಲವೋ ಕಟ್ಟಿಕೊಂಡಿರಿ.

ಎದೆ ನೋವು, ಎದೆ ಹಿಡಿದಂತೆ ಆಗುವುದು, ಉಸಿರು ಸಿಗದಿರುವುದು, ಕಣ್ಣು ಕತ್ತಲೆ, ತಣ್ಣನೆ ಬೆವರು, ಇವುಗಳಲ್ಲಿ ಒಂದಾದರೂ ಹಾಳೆ ಬದಿಗಿಡಿ. ತಕ್ಷಣ ನಿಲ್ಲಿಸಿ, ಕೂತುಕೊಳ್ಳಿ, ಪಕ್ಕದವರಿಗೆ ಹೇಳಿ. ಸುಧಾರಿಸದಿದ್ದರೆ 108ಕ್ಕೆ ಫೋನ್ ಮಾಡಿಸಿ.

ನೀವೇ ಫೋನಿನಲ್ಲಿ ಎಐಯನ್ನು ಕೇಳುವುದಾದರೆ ಹೆಸರು, ಆಧಾರ್ ನಂಬರು, ಆಸ್ಪತ್ರೆ ಚೀಟಿಯ ಫೋಟೋ ಹಾಕಬೇಡಿ. ವಯಸ್ಸು, ನೋವು, ಮಾತ್ರೆ ಇಷ್ಟು ಸಾಕು.

ಓದಿ, ಮಾಡಿ

1. ಕುರ್ಚಿಯಲ್ಲಿ ಕೂತು ಏಳುವುದು, 8 ಸಲ, 2 ಸೆಟ್. ಒಟ್ಟು ಎಷ್ಟು ಸಲ?

2. ಮೇಲಿನ ಸೋಮವಾರದ ಹಾಳೆಯನ್ನು ಇನ್ನೊಮ್ಮೆ ಓದಿ. ನಿಮಗೆ ಆಗದ ಸಾಲು ಯಾವುದು? ಅದರ ಮೇಲೆ ಗೆರೆ ಎಳೆಯಿರಿ.

3. ಇಡ್ಲಿ ಅಂಗಡಿ ಅಕ್ಕ ತಮ್ಮ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಹೀಗೆ ಬರೆದುಕೊಂಡಿದ್ದಾರೆ: "ಬಿಪಿ ಮಾತ್ರೆ ಬೆಳಿಗ್ಗೆ. ಎಡ ಮೊಣಕಾಲು. ಹಾರೋದು ಬೇಡ. ಸಂತೆ ದಿನ ಬೇಡ." ನಿಮ್ಮದನ್ನು ನಾಲ್ಕು ಸಾಲಿನಲ್ಲಿ ಇಲ್ಲಿ ಬರೆಯಿರಿ.

..............................
..............................
..............................
..............................