ಹಲ್ಲಿನ ಲೆಕ್ಕದಲ್ಲಿ ಗೋ-ಕಾರ್ಟ್ ಓಟ

ಮಕ್ಕಳೇ, ಏರು ರಸ್ತೆಯಲ್ಲಿ ಸೈಕಲ್ ತುಳಿದು ಏದುಸಿರು ಬಿಟ್ಟಿದ್ದೀರಲ್ಲವೇ? ಗೇರ್ ಸೈಕಲ್ ಇದ್ದವರು ಅಲ್ಲಿ ಚೈನನ್ನು ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಬದಲಿಸಿಕೊಂಡು ಸಲೀಸಾಗಿ ಏರುತ್ತಾರೆ. ಆದರೆ ಕಾಲು ಬೇಗ ಬೇಗ ಆಡಿದರೂ ಸೈಕಲ್ ನಿಧಾನವಾಗಿಯೇ ಹೋಗುತ್ತದೆ. ಏಕೆ? ಉತ್ತರವನ್ನು ಗೋ-ಕಾರ್ಟ್ ಎಂಬ ಪುಟ್ಟ ಓಟದ ಗಾಡಿಯಲ್ಲಿ ಹುಡುಕೋಣ.

ಗೋ-ಕಾರ್ಟ್ ಎಂದರೇನು?

1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಎಂಬುವರು ಕೊಳವೆಗಳ ಚೌಕಟ್ಟಿಗೆ ಹುಲ್ಲು ಕತ್ತರಿಸುವ ಯಂತ್ರದ ಇಂಜಿನ್ ಜೋಡಿಸಿ ಮೊದಲ ಗೋ-ಕಾರ್ಟ್ ತಯಾರಿಸಿದರು. ಪ್ರಸಿದ್ಧ ಕಾರು ಓಟಗಾರ ಮೈಕೆಲ್ ಶುಮಾಕರ್ ಚಿಕ್ಕವರಿದ್ದಾಗ ಓಡಿಸಿದ್ದು ಇಂಥ ಗಾಡಿಯನ್ನೇ.

ಅನೇಕ ಗೋ-ಕಾರ್ಟ್‌ಗಳಲ್ಲಿ ಓಡುವಾಗ ಗೇರ್ ಬದಲಿಸಲು ಆಗುವುದಿಲ್ಲ. ಇಂಜಿನ್ನಿಗೆ ಒಂದು ಚಿಕ್ಕ ಹಲ್ಲುಚಕ್ರ, ಹಿಂದಿನ ಗಾಲಿಗಳ ಅಚ್ಚಿಗೆ ಒಂದು ದೊಡ್ಡ ಹಲ್ಲುಚಕ್ರ, ನಡುವೆ ಒಂದು ಚೈನು, ಇಷ್ಟೇ. ಆದ್ದರಿಂದ ಎಷ್ಟು ಹಲ್ಲಿನ ಚಕ್ರ ಬೇಕೆಂದು ಓಟಕ್ಕೆ ಮೊದಲೇ ತೀರ್ಮಾನಿಸಬೇಕು. ತಪ್ಪಿದರೆ ಒಳ್ಳೆಯ ಇಂಜಿನ್ ಇದ್ದರೂ ಹಿಂದೆ ಬೀಳುವುದು ಖಚಿತ!

ಲೆಕ್ಕ ಮಾಡೋಣ

ಚಿಕ್ಕ ಚಕ್ರಕ್ಕೆ 10 ಹಲ್ಲು, ದೊಡ್ಡದಕ್ಕೆ 80 ಹಲ್ಲು ಇರಲಿ. 80 ÷ 10 = 8. ಅಂದರೆ ಇಂಜಿನ್ 8 ಸುತ್ತು ತಿರುಗಿದಾಗ ಗಾಲಿ 1 ಸುತ್ತು ತಿರುಗುತ್ತದೆ. ಇದೇ ಗೇರ್ ಅನುಪಾತ.

ಬಾಗಿಲನ್ನು ಕೀಲಿನ ಹತ್ತಿರ ತಳ್ಳಿ ನೋಡಿ, ಆಮೇಲೆ ಅಂಚಿನಲ್ಲಿ ತಳ್ಳಿ. ಅಂಚಿನಲ್ಲಿ ಸುಲಭ, ಅಲ್ಲವೇ? ದೊಡ್ಡ ಚಕ್ರದ ಅಂಚನ್ನು ಚೈನು ಎಳೆಯುವಾಗಲೂ ಹೀಗೆಯೇ. ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಇಂಜಿನ್ನಿನ ತಿರುಗಿಸುವ ಬಲ ಗಾಲಿಯಲ್ಲಿ 8 ಪಟ್ಟಾಗುತ್ತದೆ. ದೊಡ್ಡ ಚಕ್ರಕ್ಕೆ 70 ಹಲ್ಲಿದ್ದರೆ 7 ಪಟ್ಟು ಮಾತ್ರ. ಹಾಗಾಗಿ 80 ಹಲ್ಲಿನ ಗಾಡಿಗೆ ವೇಗೋತ್ಕರ್ಷ ಹೆಚ್ಚು. ತಿರುವು ದಾಟಿದ ಕೂಡಲೇ ಅದು ಮುನ್ನುಗ್ಗುತ್ತದೆ.

ಹಾಗಾದರೆ ಎಲ್ಲರೂ 80 ಹಲ್ಲಿನದನ್ನೇ ಏಕೆ ಹಾಕುವುದಿಲ್ಲ? ಇಂಜಿನ್ ನಿಮಿಷಕ್ಕೆ ಹೆಚ್ಚೆಂದರೆ 14,000 ಸುತ್ತು ತಿರುಗುತ್ತದೆ, ಗಾಲಿಯ ಸುತ್ತಳತೆ 88 ಸೆಂ.ಮೀ. ಎಂದುಕೊಳ್ಳಿ.

80 ಹಲ್ಲು: ಗಾಲಿಗೆ ನಿಮಿಷಕ್ಕೆ 1,750 ಸುತ್ತು, ಗರಿಷ್ಠ ವೇಗ ಗಂಟೆಗೆ ಸುಮಾರು 92 ಕಿ.ಮೀ.
70 ಹಲ್ಲು: ಗಾಲಿಗೆ ನಿಮಿಷಕ್ಕೆ 2,000 ಸುತ್ತು; ಗರಿಷ್ಠ ವೇಗ ಗಂಟೆಗೆ ಸುಮಾರು 106 ಕಿ.ಮೀ.

ನೋಡಿದಿರಾ? ಬಲದಲ್ಲಿ ಗಳಿಸಿದ್ದನ್ನು ವೇಗದಲ್ಲಿ ಕಳೆದುಕೊಳ್ಳಬೇಕು. ಹಲ್ಲುಚಕ್ರ ಹೊಸ ಶಕ್ತಿಯನ್ನು ಸೃಷ್ಟಿಸುವುದಿಲ್ಲ; ಇಂಜಿನ್ ಕೊಟ್ಟದ್ದನ್ನು ಬೇರೆ ರೀತಿಯಲ್ಲಿ ಹಂಚುತ್ತದೆ, ಅಷ್ಟೇ. ತಿರುವುಗಳೇ ಹೆಚ್ಚಿರುವ ಹಾದಿಗೆ ಹೆಚ್ಚು ಹಲ್ಲು, ಉದ್ದನೆಯ ನೇರ ಹಾದಿಗೆ ಕಡಿಮೆ ಹಲ್ಲು ಒಳ್ಳೆಯದು.

ಇನ್ನೊಂದು ಸ್ವಾರಸ್ಯ: ಚಿಕ್ಕ ಚಕ್ರವನ್ನು 10ರಿಂದ 11 ಹಲ್ಲಿಗೆ ಬದಲಿಸಿದರೆ 80 ÷ 11 = 7.27. ಅಂದರೆ ಅಲ್ಲಿ ಒಂದು ಹಲ್ಲು ಹೆಚ್ಚಿಸಿದರೆ ದೊಡ್ಡ ಚಕ್ರದಲ್ಲಿ ಸುಮಾರು 7 ಹಲ್ಲು ಕಡಿಮೆ ಮಾಡಿದಂತೆ!

ಮಾಡಿ ನೋಡಿ

ಗೇರ್ ಇಲ್ಲದ ಸೈಕಲ್ಲನ್ನು ಶಿಕ್ಷಕರ ಸಹಾಯದಿಂದ ತಲೆಕೆಳಗಾಗಿ ನಿಲ್ಲಿಸಿ. ಪೆಡಲ್ ಬಳಿಯ ಚಕ್ರದ ಹಲ್ಲುಗಳನ್ನೂ ಹಿಂದಿನ ಚಕ್ರದ ಹಲ್ಲುಗಳನ್ನೂ ಎಣಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಹಿಂದಿನ ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಪೆಡಲ್ಲನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಗಾಲಿ ತಿರುಗಿದ ಸುತ್ತು ನಿಮ್ಮ ಲೆಕ್ಕಕ್ಕೆ ಸರಿಹೊಂದಿತೇ? 44 ಮತ್ತು 18 ಹಲ್ಲಿದ್ದರೆ ಸುಮಾರು ಎರಡೂವರೆ ಸುತ್ತು ಬರಬೇಕು. ಎಚ್ಚರಿಕೆ: ತಿರುಗುವಾಗ ಚೈನಿನ ಹತ್ತಿರ ಬೆರಳು ಒಯ್ಯಬೇಡಿ.

ಯೋಚಿಸಿ

ಗೋ-ಕಾರ್ಟ್‌ನಲ್ಲಿ ದೊಡ್ಡ ಚಕ್ರ ಗಾಲಿಯ ಕಡೆಗಿದೆ, ಸೈಕಲ್ಲಿನಲ್ಲಿ ಪೆಡಲ್ ಕಡೆಗಿದೆ. ಏಕೆ? ಸುಳಿವು: ಇಂಜಿನ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ನಿಮ್ಮ ಕಾಲು ಎಷ್ಟು ಸುತ್ತು ತುಳಿಯಬಲ್ಲದು? ಎಣಿಸಿ ನೋಡಿ, ಗೆಳೆಯರೊಂದಿಗೆ ಚರ್ಚಿಸಿ.