ಡೈನೋಸಾರ್‌ಗಳನ್ನು ಕೊಂದದ್ದು ನಮ್ಮ ಕಪ್ಪುಕಲ್ಲೇ?

ಪ್ರಶ್ನೆ: ಆಕಾಶದಿಂದ ಕ್ಷುದ್ರಗ್ರಹ ಬಿದ್ದು ಡೈನೋಸಾರ್‌ಗಳು ಅಳಿದವು ಎಂದು ಮಗಳ ಪಾಠದಲ್ಲಿದೆ. ನಮ್ಮ ಭಾಗದ ಕಪ್ಪುಕಲ್ಲಾಗಿರುವ ಲಾವಾವೇ ಅವನ್ನು ಕೊಂದಿತು ಎಂದೂ ಕೇಳಿದ್ದೇನೆ. ಯಾವುದು ಸರಿ?
– ಓದುಗರೊಬ್ಬರು, ನಾಗಪುರ

ಉತ್ತರ: ನಿಮ್ಮ ಊರು ನಿಂತಿರುವುದೇ ಆ ಲಾವಾದ ಅಂಚಿನಲ್ಲಿ. ನಗರದ ಪಶ್ಚಿಮಕ್ಕೆ ದಖ್ಖನ್ ಬಸಾಲ್ಟ್, ಪೂರ್ವಕ್ಕೆ ಅದಕ್ಕಿಂತ ಎಷ್ಟೋ ಹಳೆಯ ನೈಸ್ ಶಿಲೆ. ಇದೇ ಲಾವಾ ನಮ್ಮ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯವರೆಗೂ ಹಬ್ಬಿದೆ. ಅಲ್ಲಿನ ಎರೆಮಣ್ಣು ಹುಟ್ಟಿದ್ದು ಅದರಿಂದಲೇ. ಸವೆದು ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿ.ಮೀ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಇಷ್ಟು ಲಾವಾ ಹರಿದಾಗ ಗಂಧಕದ ಅನಿಲ ಭೂಮಿಯನ್ನು ತಂಪಾಗಿಸಿ, ಇಂಗಾಲದ ಡೈಆಕ್ಸೈಡ್ ಬಿಸಿಯಾಗಿಸಿ ಜೀವಿಗಳನ್ನು ಹಣ್ಣು ಮಾಡಿತು ಎನ್ನುವುದು ಒಂದು ವಾದ. ಫ್ರಾನ್ಸಿನ ವಿನ್ಸೆಂಟ್ ಕೂರ್ಟಿಯೋ, ಅಮೆರಿಕದ ಗೆರ್ಟಾ ಕೆಲ್ಲರ್ ಇದರ ಪ್ರಬಲ ಪ್ರತಿಪಾದಕರು.

ಎದುರು ವಾದ 1980ರಲ್ಲಿ ಬಂತು. ಆ ಕಾಲದ ಮಣ್ಣಿನ ತೆಳು ಪದರದಲ್ಲಿ, ಭೂಮಿಯ ಮೇಲೆ ಅಪರೂಪವಾದ ಇರಿಡಿಯಂ ಲೋಹ ಹೆಚ್ಚಾಗಿರುವುದನ್ನು ಲೂಯಿಸ್ ಅಲ್ವಾರೆಜ್, ಅವರ ಮಗ ವಾಲ್ಟರ್ ಮತ್ತು ಸಂಗಡಿಗರು ತೋರಿಸಿ, ಅದು ಬಂದು ಬಡಿದ ಕ್ಷುದ್ರಗ್ರಹದ್ದು ಎಂದರು. 1991ರಲ್ಲಿ, ಮೆಕ್ಸಿಕೋದ ಚಿಕ್ಶುಲೂಬ್‌ನಲ್ಲಿ ನೆಲದಡಿ ಹುದುಗಿರುವ ಸುಮಾರು 180 ಕಿ.ಮೀ. ಅಗಲದ ಕುಳಿ ಆ ಬಡಿತದ್ದೇ ಎಂದು ಗುರುತಿಸಲಾಯಿತು. ಸುಮಾರು 10 ಕಿ.ಮೀ. ಗಾತ್ರದ ಬಂಡೆ ಗಂಧಕ ತುಂಬಿದ ನೆಲಕ್ಕೇ ಬಿದ್ದದ್ದರಿಂದ ಕತ್ತಲೆಯೂ ಚಳಿಯೂ ಒಟ್ಟಿಗೇ ಕವಿದವು. ಗಿಡ ಬಾಡಿದರೆ ಗಿಡ ತಿನ್ನುವವು ಉಪವಾಸ, ಅವನ್ನು ತಿನ್ನುವವೂ ಉಪವಾಸ.

ನಾನು ಈ ವಾದದ ಕಡೆಗೇ ವಾಲುತ್ತೇನೆ. ಅದಕ್ಕೆ ಒಂದು ಕಾರಣ ನಿಮ್ಮೂರಲ್ಲೇ ಇದೆ. ಹಿಸ್ಲಾಪ್ ಕಾಲೇಜು ಯಾರ ಹೆಸರನ್ನು ಹೊತ್ತಿದೆಯೋ ಆ ಪಾದ್ರಿ ಸ್ಟೀಫನ್ ಹಿಸ್ಲಾಪ್, 1850ರ ದಶಕದಲ್ಲಿ ಸೀತಾಬರ್ಡಿ, ಟಾಕ್ಲಿಗಳ ಲಾವಾ ಪದರಗಳ ನಡುವಿನ ಕೆಸರುಕಲ್ಲಿನಲ್ಲಿ ಸಿಹಿನೀರಿನ ಶಂಖುಹುಳುಗಳ ಚಿಪ್ಪು, ಹಣ್ಣು, ಬೀಜಗಳ ಪಳೆಯುಳಿಕೆ ಕಂಡರು. ಅಂದರೆ ಒಂದು ಲಾವಾ ಆರಿದ ಮೇಲೆ ಕೆರೆ ತುಂಬಿತ್ತು, ಗಿಡ ಬೆಳೆದಿತ್ತು; ಆಮೇಲೆ ಮುಂದಿನ ಲಾವಾ ಬಂತು. ಗುಜರಾತಿನ ಅಂಜಾರ್‌ನಲ್ಲಂತೂ ಇಂಥದೇ ಪದರದಲ್ಲಿ ಡೈನೋಸಾರ್ ಮೂಳೆಗಳೇ ಸಿಕ್ಕಿವೆ. ಲಾವಾ ಹರಿಯಲು ತೊಡಗಿದ ಮೇಲೂ ಅವು ಬದುಕಿದ್ದವು.

ಹಾಗೆಂದು ಲಾವಾ ನಿರಪರಾಧಿ ಎನ್ನಲಾರೆ. 2019ರಲ್ಲಿ ಎರಡು ತಂಡಗಳು ಈ ಕಲ್ಲಿನ ವಯಸ್ಸನ್ನು ಹಿಂದೆಂದಿಗಿಂತ ನಿಖರವಾಗಿ ಅಳೆದವು. ಬಡಿತಕ್ಕೆ ತುಸು ಮುನ್ನವೇ ಭಾರೀ ಲಾವಾ ಉಕ್ಕಿತ್ತು ಎಂದಿತು ಒಂದು. ಬಹುಪಾಲು ಉಕ್ಕಿದ್ದು ಬಡಿತದ ನಂತರ ಎಂದಿತು ಇನ್ನೊಂದು. ಮೊದಲಿನದು ನಿಜವಾದರೆ ಕ್ಷುದ್ರಗ್ರಹ ಬಿದ್ದದ್ದು ಆಗಲೇ ಬಳಲಿದ್ದ ಲೋಕದ ಮೇಲೆ. ಮಗಳ ಪಾಠದಲ್ಲಿ ಬಿಟ್ಟುಹೋಗಿರುವುದು ಇಷ್ಟೇ.